ಅಮ್ಮನ ಕೈಗುಣ, ನಾಲ್ಕು ಬಾಟಲಿ, ಇಡ್ಲಿ ಹಿಟ್ಟು: ಆರು ವಾರದ ಲೆಕ್ಕ

ಡಿಸೆಂಬರ್ 7, ಭಾನುವಾರ

ಮೈಸೂರಿಗೆ ಚಳಿ ಬಂತು ಅಂದರೆ ನಮ್ಮ ಮನೆಯಲ್ಲಿ ಇಡ್ಲಿ ಹಿಟ್ಟಿನ ರಗಳೆ ಶುರು. ನಿನ್ನೆ ರಾತ್ರಿ ನಾನು ಕಲಸಿಟ್ಟ ಹಿಟ್ಟು ಬೆಳಗ್ಗೆ ನೋಡಿದರೆ ಇಟ್ಟ ಹಾಗೇ ಕೂತಿತ್ತು. ಇಡ್ಲಿ ಕಲ್ಲಾಯಿತು. ಅಮ್ಮ ಒಂದು ತುಂಡು ಮುರಿದು ನೋಡಿ, "ಚಮಚದಲ್ಲಿ ಕಲಸಿದ್ರೆ ಹೀಗೇ ಆಗೋದು. ಕೈ ಹಾಕಿ ಕಲಸ್ಬೇಕು ಕಣೋ. ಕೈಗುಣ ಅಂತ ಒಂದಿರತ್ತೆ" ಅಂದರು.

ಎಂಟನೇ ಕ್ಲಾಸಿನ ಮಗಳು ಇದೇ ತಿಂಗಳು ಸೂಕ್ಷ್ಮಜೀವಿಗಳ ಪಾಠ ಮುಗಿಸಿದ್ದಾಳೆ. "ಅಜ್ಜಿ ಕೈಯಲ್ಲಿರೋ ಬ್ಯಾಕ್ಟೀರಿಯಾನೇ ಹಿಟ್ಟಿಗೆ ಹೋಗಿ ಉಬ್ಬಿಸತ್ತಾ ಅಪ್ಪಾ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಅಡುಗೆಮನೆ ಅಟ್ಟದಲ್ಲಿ ಒಂದೇ ಅಳತೆಯ ನಾಲ್ಕು ಗಾಜಿನ ಬಾಟಲಿ ಇದ್ದವು. ಇಳಿಸಿ ತೊಳೆದೆ. ರಬ್ಬರ್ ಬ್ಯಾಂಡ್ ತಂದೆ. ಲೆಕ್ಕ ಇಡೋಕೆ ಈ ನೋಟ್‌ಬುಕ್.

ಡಿಸೆಂಬರ್ 9

ಒಂದು ಪಾವು ಉದ್ದಿನ ಬೇಳೆಗೆ ಎರಡು ಪಾವು ಇಡ್ಲಿ ರವೆ. ಗ್ರೈಂಡರ್‌ನಲ್ಲಿ ರುಬ್ಬಿ ಸೇರಿಸಿ, ನಾಲ್ಕು ಪಾಲು ಮಾಡಿದೆ. ಮೊದಲನೆಯದು ಅಮ್ಮನ ಕೈ, ಎರಡನೆಯದು ನನ್ನ ಕೈ, ಮೂರನೆಯದು ಸುಮ್ನೆ ಸ್ಟೀಲ್ ಚಮಚ, ನಾಲ್ಕನೆಯದು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು ತೆಗೆದ ಚಮಚ. ಎಲ್ಲದರಲ್ಲೂ ಹಿಟ್ಟು 6 ಸೆಂಟಿಮೀಟರ್ ಎತ್ತರಕ್ಕೆ. ಅಲ್ಲಿಗೇ ರಬ್ಬರ್ ಬ್ಯಾಂಡ್. ರಾತ್ರಿ ಎಂಟಕ್ಕೆ ಇಟ್ಟು ಬೆಳಗ್ಗೆ ಎಂಟಕ್ಕೆ ಸ್ಕೇಲ್ ಹಿಡಿದೆ.

ಅಮ್ಮ 10.2. ನಾನು 9.1. ಚಮಚ 7.9. ಕುದಿಸಿದ ಚಮಚ 7.4.

ಅಮ್ಮ ಏನೂ ಹೇಳಲಿಲ್ಲ. ಕಾಫಿ ಕುಡಿಯುತ್ತಾ ಸುಮ್ನೆ ನಕ್ಕರು. ಅದು ಇನ್ನೂ ಜಾಸ್ತಿ ಉರಿಯಿತು.

ಡಿಸೆಂಬರ್ 10

ತಪ್ಪು ಹಿಡಿದದ್ದು ಮಗಳು. "ಅಪ್ಪಾ, ಬಾಟ್ಲಿಗಳನ್ನ ಫ್ರಿಜ್ ಪಕ್ಕದಿಂದ ಕಿಟಕಿ ಕಡೆಗೆ ಸಾಲಾಗಿ ಇಟ್ಟಿದ್ದೀಯಲ್ಲ. ಹಿಟ್ಟು ಉಬ್ಬಿರೋದೂ ಅದೇ ಸಾಲಲ್ಲಿ."

ನಿಜ. ಫ್ರಿಜ್ಜಿನ ಪಕ್ಕದ ತಗಡು ಮುಟ್ಟಿದರೆ ಬೆಚ್ಚಗಿರುತ್ತದೆ. ಥರ್ಮಾಮೀಟರ್ ಇಟ್ಟು ನೋಡಿದೆ. ರಾತ್ರಿ ಹನ್ನೊಂದಕ್ಕೆ ಅಲ್ಲಿ 25 ಡಿಗ್ರಿ. ಕಿಟಕಿ ಹತ್ತಿರ 19. ಆರು ಡಿಗ್ರಿ ವ್ಯತ್ಯಾಸ, ಒಂದೂವರೆ ಗಜದ ಅಡುಗೆ ಕಟ್ಟೆಯ ಮೇಲೆ!

ಡಿಸೆಂಬರ್ 14

ಸಾಲು ತಿರುಗಿಸಿದೆ. ಈ ಸಲ ಕುದಿಸಿದ ಚಮಚದ ಬಾಟಲಿ ಫ್ರಿಜ್ ಪಕ್ಕ, ಅಮ್ಮನದು ಕಿಟಕಿ ಪಕ್ಕ. ಅಂದುಕೊಂಡ ಹಾಗೇ ಆಯಿತು. ಕುದಿಸಿದ ಚಮಚ 10, ಅಮ್ಮ 7.6. "ಆ ಬಾಟ್ಲೀನೇ ಸರಿಯಿಲ್ಲ" ಅಂದರು ಅಮ್ಮ.

ಡಿಸೆಂಬರ್ 16

ನಾಲ್ಕನ್ನೂ ಥರ್ಮೋಕೋಲ್ ಡಬ್ಬದೊಳಗೆ ಇಟ್ಟೆ. ನಡುವೆ ಒಂದು ಬಿಸಿನೀರಿನ ಬಾಟಲಿ. ಮಲಗುವ ಮುಂಚೆ ಒಮ್ಮೆ, ಬೆಳಗಿನ ಜಾವ ಒಮ್ಮೆ ನೀರು ಬದಲಿಸಿದೆ. ಒಳಗೆ 28ರಿಂದ 30 ಡಿಗ್ರಿ. ಬೆಳಗ್ಗೆ: 10.4, 10.6, 10.3, 10.5. ನನ್ನ ಸ್ಕೇಲಿನಲ್ಲಿ ಇಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲ. ಹುಳಿ ಎಷ್ಟಿದೆ ಅಂತ ಪಿಎಚ್ ಪಟ್ಟಿ ಅದ್ದಿ ನೋಡಿದೆ; ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ರಾತ್ರಿ 6 ಇದ್ದದ್ದು ಬೆಳಗ್ಗೆ 4.5 ಹತ್ತಿರ, ನಾಲ್ಕರಲ್ಲೂ.

ಹಾಗಾದರೆ ಕೈಯಿಂದ ಬರದಿದ್ದರೆ ಬ್ಯಾಕ್ಟೀರಿಯಾ ಬಂದದ್ದು ಎಲ್ಲಿಂದ? ಓದಿದ ಮೇಲೆ ಗೊತ್ತಾಯಿತು. ಬೇಳೆಯ ಜೊತೆಗೇ ಬಂದಿರುತ್ತವೆ. ಹೊಲದಿಂದ, ಮೂಟೆಯಿಂದ. ನಾವು ನೆನೆಹಾಕಿದ ಹೊತ್ತಿನಲ್ಲೇ ಅವು ಎದ್ದು ಹೆಚ್ಚೋಕೆ ಶುರು ಮಾಡುತ್ತವೆ. ರುಬ್ಬಿದ ಮೇಲೆ ಊಟ ಕೈಗೆಟುಕಿದ ಹಾಗೆ. 1965ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡವೊಂದು ಇಡ್ಲಿ ಹಿಟ್ಟನ್ನು ಹಿಡಿದು ಕೂತಿತ್ತು. ಹಿಟ್ಟು ಉಬ್ಬಿಸುವ ಮುಖ್ಯ ಬ್ಯಾಕ್ಟೀರಿಯಾ ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಅಂತ ತೋರಿಸಿದ್ದು ಅವರೇ. ಇದು ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ, ಅದರ ಜೊತೆಗೆ ಒಂದಷ್ಟು ಆಲ್ಕೋಹಾಲ್, ಮತ್ತೆ ಕಾರ್ಬನ್ ಡೈಆಕ್ಸೈಡ್. ಆಮ್ಲ ಹುಳಿ ಕೊಡುತ್ತದೆ, ಗಾಳಿ ಉಬ್ಬು ಕೊಡುತ್ತದೆ. ಆಲ್ಕೋಹಾಲ್ ಬೇಯಿಸುವಾಗ ಆವಿಯಾಗುತ್ತದೆ ಅಂತ ಅಮ್ಮನಿಗೆ ಎರಡೆರಡು ಸಲ ಹೇಳಬೇಕಾಯಿತು.

ಇದೇ ಬ್ಯಾಕ್ಟೀರಿಯಾ ಸಕ್ಕರೆ ಕಾರ್ಖಾನೆಗಳಿಗೆ ದೊಡ್ಡ ತಲೆನೋವು. ಕಬ್ಬು ಕಡಿದು ತಡವಾದರೆ ರಸಕ್ಕೆ ಸೇರಿಕೊಂಡು ಸಕ್ಕರೆಯನ್ನು ಡೆಕ್ಸ್‌ಟ್ರಾನ್ ಅನ್ನುವ ಲೋಳೆ ಮಾಡಿಬಿಡುತ್ತದೆ. ಪೈಪು, ಜರಡಿ ಎಲ್ಲ ಕಟ್ಟಿಕೊಳ್ಳುತ್ತದೆ. ಅದೇ ಡೆಕ್ಸ್‌ಟ್ರಾನ್ ಶುದ್ಧ ಮಾಡಿ, ರಕ್ತ ಜಾಸ್ತಿ ಹೋದವರಿಗೆ ಡ್ರಿಪ್ಪಿನಲ್ಲಿ ಕೊಟ್ಟದ್ದೂ ಉಂಟು. ಮಂಡ್ಯದ ಕಡೆ ಹೋದಾಗ ಕಬ್ಬಿನ ಗಾಡಿಗಳ ಸಾಲು ನೋಡಿದರೆ ಇನ್ನು ಮೇಲೆ ನನಗೆ ಇಡ್ಲಿ ನೆನಪಾಗೋದು ಗ್ಯಾರಂಟಿ.

ಡಿಸೆಂಬರ್ 20

ಮೈಕ್ರೋಸ್ಕೋಪ್ ಬಂತು. ಸೆಕೆಂಡ್ ಹ್ಯಾಂಡ್, ಕಾಲೇಜು ಮಕ್ಕಳು ಬಳಸುವಂಥದ್ದು. 10, 40, 100ರ ಲೆನ್ಸ್. ಮಾರಿದವರು "ಹೊಸದರ ಹಾಗಿದೆ ಸಾರ್" ಅಂದಿದ್ದರು. 100ರ ಲೆನ್ಸಿನಲ್ಲಿ ಏನು ನೋಡಿದರೂ ಮಂಜು. ಐಪೀಸ್ ಬಿಚ್ಚಿ ತಲೆಕೆಳಗು ಮಾಡಿ, ಭೂತಗನ್ನಡಿಯ ಹಾಗೆ ಹಿಡಿದು ಆ ಲೆನ್ಸನ್ನೇ ನೋಡಿದೆ. ಒಳಗೆ ಜೇಡರ ಬಲೆ ಹೆಣೆದ ಹಾಗೆ ಬಿಳಿ ಎಳೆಗಳು. ಬೂಷ್ಟು! ಗಾಜಿನ ಮೇಲೂ ಬೆಳೆಯುತ್ತದೆ ಪುಣ್ಯಾತ್ಮ. ಮಳೆಗಾಲದಲ್ಲಿ ಡಬ್ಬದೊಳಗೆ ಮುಚ್ಚಿಟ್ಟರೆ ಲೆನ್ಸಿಗೆ ಹೀಗೆ ಆಗುತ್ತದಂತೆ. ದುಡ್ಡು ಕೊಟ್ಟು ತಂದ ಮೈಕ್ರೋಸ್ಕೋಪಿನಲ್ಲಿ ನಾನು ಕಂಡ ಮೊದಲ ಸೂಕ್ಷ್ಮಜೀವಿ, ಮೈಕ್ರೋಸ್ಕೋಪನ್ನೇ ತಿನ್ನುತ್ತಿದ್ದದ್ದು.

ಫೋನ್ ಮಾಡಿದರೆ "ಅದು ಧೂಳು ಸಾರ್" ಅಂದರು. ಜಗಳ ಬೇಡ ಅಂತ ಬಿಟ್ಟೆ. ಬೇರೆ 100ರ ಲೆನ್ಸ್ ತರಿಸಿದೆ. ಅದರ ಬೆಲೆ ಹೆಂಡತಿ ಇನ್ನೂ ಕೇಳಿಲ್ಲ.

ಡಿಸೆಂಬರ್ 27

ಇವತ್ತು ನಿಧಾನವಾಗಿ ಬರೆಯುತ್ತೇನೆ, ಯಾಕೆಂದರೆ ಇವತ್ತು ಕಂಡವು.

ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಔಷಧಿ ಅಂತ ಮೆಥಿಲೀನ್ ಬ್ಲೂ ಸಿಗುತ್ತದೆ. ಬ್ಯಾಕ್ಟೀರಿಯಾಗೆ ಬಣ್ಣ ಹಾಕೋಕೆ ಅದೇ ಸಾಕು. ಕಡ್ಡಿಯ ತುದಿಯಲ್ಲಿ ಒಂದು ಚೂರು ಹಿಟ್ಟು ತೆಗೆದು, ಎರಡು ಹನಿ ನೀರಿನಲ್ಲಿ ಕದಡಿ, ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಸವರಿದೆ. ಒಣಗಿದ ಮೇಲೆ ಗ್ಯಾಸ್ ಉರಿಯ ಮೇಲೆ ಮೂರು ಸಲ ಆಚೀಚೆ ಆಡಿಸಿದೆ, ಅಂಟಿಕೊಳ್ಳಲಿ ಅಂತ. ಒಂದು ನಿಮಿಷ ಬಣ್ಣ, ಆಮೇಲೆ ನಲ್ಲಿ ನೀರು. ನನ್ನ ಬೆರಳುಗಳು ಇನ್ನೂ ನೀಲಿ.

ಮೊದಲು 40ರಲ್ಲಿ ನೋಡಿದರೆ ದಪ್ಪ ದಪ್ಪ ಗುಂಡುಗಳು. "ಸಿಕ್ತು!" ಅಂತ ಕೂಗಿದೆ. ಮಗಳು ಓಡಿಬಂದಳು. ಆದರೆ ಸಂಶಯ. ಕೆಲವು ಗುಂಡಾಗಿಲ್ಲ, ಮೂಲೆ ಮೂಲೆ ಇವೆ. ಬ್ಯಾಕ್ಟೀರಿಯಾ ಇಷ್ಟು ದಪ್ಪ ಇರೋಕೆ ಸಾಧ್ಯವೇ ಇಲ್ಲ. ಬಣ್ಣ ಹಾಕದ ಇನ್ನೊಂದು ಸ್ಲೈಡಿಗೆ, ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದು ಹನಿ ಬಿಟ್ಟೆ. ಗುಂಡುಗಳೆಲ್ಲ ಕಪ್ಪು ನೀಲಿ. ಪಿಷ್ಟ! ಅಕ್ಕಿಯ ಪಿಷ್ಟದ ಕಣ, ಉದ್ದಿನ ಪಿಷ್ಟದ ಕಣ. ಅರ್ಧ ಗಂಟೆ ಅಕ್ಕಿ ಹಿಟ್ಟು ನೋಡಿ ಖುಷಿಪಟ್ಟಿದ್ದೆ.

ಮತ್ತೆ 100ರ ಲೆನ್ಸ್, ಒಂದು ಹನಿ ಎಣ್ಣೆ. ಈಗ ಪಿಷ್ಟದ ಕಣಗಳು ಬಂಡೆಗಳ ಹಾಗೆ. ಬಂಡೆಗಳ ಸಂದಿಯಲ್ಲಿ, ಬಿಡಿ ಬಿಡಿಯಾಗಿ, ಪೆನ್ನಿನ ತುದಿಯಿಂದ ಚುಕ್ಕೆ ಇಟ್ಟ ಹಾಗೆ ನೀಲಿ ಕಾಳುಗಳು. ಎರಡೆರಡು ಜೋಡಿ. ಕೆಲವು ಕಡೆ ನಾಲ್ಕು, ಆರು, ಎಂಟು. ದಾರಕ್ಕೆ ಪೋಣಿಸಿದ ಮಲ್ಲಿಗೆ ಮೊಗ್ಗಿನ ಹಾಗೆ, ಕೊಂಚ ಬಾಗಿ. ಒಂದೊಂದು ಕಾಳೂ ಸುಮಾರು ಒಂದು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದು ಪಾಲು. ಆಕಾರ ನೋಡಿ ಮಾತ್ರ ಇದು ಲ್ಯೂಕೊನಾಸ್ಟಾಕ್ ಅಂತ ಹೇಳೋಕಾಗಲ್ಲ. ಎಂಟರೊಕಾಕಸ್ ಕೂಡ ಹಿಟ್ಟಿನಲ್ಲಿರುತ್ತದೆ, ಅದೂ ಗುಂಡೇ, ಅದೂ ಜೋಡಿಯೇ. ಇರಲಿ. ಕಂಡಿತಲ್ಲ.

ಅಮ್ಮನನ್ನು ಕರೆದೆ. ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು. "ಇಷ್ಟನ್ನೂ ತಿಂತೀವಾ?" ಅಂದರು. ಇಡ್ಲಿ ಆಗುವಷ್ಟರಲ್ಲಿ ಬೆಂದು ಸತ್ತಿರುತ್ತವೆ ಅಂದೆ. "ಪಾಪ" ಅಂದರು.

ಡಿಸೆಂಬರ್ 28

ಮೊಸರು. ಹಿಟ್ಟಿನಷ್ಟು ಕಷ್ಟ ಇಲ್ಲ, ಪಿಷ್ಟದ ಕಾಟ ಇಲ್ಲವಲ್ಲ. ಗುಂಡು ಸಾಲು, ಜೊತೆಗೆ ಉದ್ದುದ್ದ ಕಡ್ಡಿಗಳು. ಹಾಲಿನ ಪಿಎಚ್ ಸುಮಾರು 6.6. ಅದು 4.6ಕ್ಕೆ ಇಳಿಯುತ್ತಿದ್ದ ಹಾಗೆ ಕೇಸೀನ್ ಅನ್ನುವ ಪ್ರೋಟೀನ್ ನೀರಿನಲ್ಲಿ ನಿಲ್ಲಲಾರದೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅದೇ ಹೆಪ್ಪು.

ಹೆಪ್ಪಿಲ್ಲದೆ ಹಸಿಮೆಣಸಿನಕಾಯಿ ತೊಟ್ಟು ಹಾಕಿದರೂ ಮೊಸರಾಗುತ್ತದೆ ಅನ್ನುತ್ತಾರಲ್ಲ, ಅದನ್ನೂ ನೋಡಿದೆ. ಥರ್ಮೋಕೋಲ್ ಡಬ್ಬದಲ್ಲಿ ಹದಿನೆಂಟು ಗಂಟೆ ಬೇಕಾಯಿತು. ನೀರು ನೀರು, ಏನೋ ಒಂದು ವಾಸನೆ. ಬಾಯಿಗೆ ಹಾಕುವ ಧೈರ್ಯ ಬರಲಿಲ್ಲ. ನೆರೆಮನೆಯಿಂದ ಒಂದು ಚಮಚ ಹೆಪ್ಪು ಕೇಳಿ ತರೋದು ಎಷ್ಟೋ ವಾಸಿ.

ಮಗಳ ಹಟಕ್ಕೆ ಅವಳ ಹಲ್ಲಿನ ಸಂದಿಯ ಬಿಳಿ ಪಾಚಿಯನ್ನೂ ಕಡ್ಡಿಯಿಂದ ತೆಗೆದು ನೋಡಿದ್ದಾಯಿತು. 1683ರಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ತಾನೇ ಉಜ್ಜಿದ ಲೆನ್ಸಿನಲ್ಲಿ ಇದನ್ನೇ ನೋಡಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದಿದ್ದ. ಅವಳು ಬರೆಯಲಿಲ್ಲ, ಹೋಗಿ ಹಲ್ಲುಜ್ಜಿಕೊಂಡಳು. ಮಧ್ಯಾಹ್ನ ಮೂರು ಗಂಟೆಗೆ!

ಜನವರಿ 4

ಬೇಳೆಯಿಂದಲೇ ಬ್ಯಾಕ್ಟೀರಿಯಾ ಬರೋದಾದರೆ, ಬೇಳೆಯನ್ನು ಕುದಿಸಿಬಿಟ್ಟರೆ? ನೆನೆಸಿದ ಉದ್ದು, ರವೆ ಎರಡನ್ನೂ ಹದಿನೈದು ನಿಮಿಷ ಕುದಿಸಿ, ಗ್ರೈಂಡರನ್ನೂ ಬಿಸಿನೀರಲ್ಲಿ ತೊಳೆದು ರುಬ್ಬಿದೆ. ಎರಡು ಬಾಟಲಿ. ಒಂದನ್ನು ಅಮ್ಮ ಬರಿಗೈಯಲ್ಲಿ ಕಲಸಿದರು. ಇನ್ನೊಂದಕ್ಕೆ ಹಳೇ ಹಿಟ್ಟು ಒಂದು ಚಮಚ.

ಅಮ್ಮನದು ಬೆಳಗ್ಗೆಯೂ 6 ಸೆಂಟಿಮೀಟರ್. ಪಿಎಚ್ ಕೂಡ ಕದಲಿಲ್ಲ. ಕೈಗುಣ ಸೋತಿತು ಅಂತ ಬರೆಯೋಕೆ ಹೊರಟಿದ್ದೆ. ಆದರೆ ಹಳೇ ಹಿಟ್ಟು ಹಾಕಿದ ಬಾಟಲಿ ನನ್ನನ್ನು ತಡೆಯಿತು. ಅದು ಚೆನ್ನಾಗಿ ಹುಳಿಯಾಗಿತ್ತು, ಪಿಎಚ್ 4.5. ಉಬ್ಬಿದ್ದು ಮಾತ್ರ 6.7 ಅಷ್ಟೇ. ಮೇಲೆಲ್ಲ ಒಡೆದ ಗುಳ್ಳೆಗಳು. ಬ್ಯಾಕ್ಟೀರಿಯಾ ತನ್ನ ಕೆಲಸ ಮಾಡಿತ್ತು, ಗಾಳಿಯನ್ನು ಹಿಡಿದಿಡುವವರೇ ಇರಲಿಲ್ಲ.

ಅಂದರೆ ಹುಳಿ ಬರೋದು ಬೇರೆ, ಉಬ್ಬೋದು ಬೇರೆ. ಇದರ ಬಗ್ಗೆ ಕೆಲಸ ಆದದ್ದು ನಮ್ಮೂರಲ್ಲೇ, ಸಿಎಫ್‌ಟಿಆರ್‌ಐ ಅನ್ನುವ ಆಹಾರ ಸಂಶೋಧನಾ ಸಂಸ್ಥೆಯಲ್ಲಿ. ನಾನು ದಿನಾ ಸ್ಕೂಟರಿನಲ್ಲಿ ಅದರ ಮುಂದೆಯೇ ಹೋಗುತ್ತೇನೆ. ಉದ್ದಿನ ಪ್ರೋಟೀನು ಮತ್ತು ಅದರ ಲೋಳೆ ಅಂಶ, ಅರಬಿನೊಗ್ಯಾಲಕ್ಟಾನ್ ಅಂತ ಅದರ ಹೆಸರು, ಇವೆರಡೂ ಸೇರಿ ನೊರೆಯನ್ನು ಒಡೆಯದ ಹಾಗೆ ಕಟ್ಟಿ ಹಿಡಿಯುತ್ತವೆ ಅಂತ ಅಲ್ಲಿನವರು 1970ರ ದಶಕದಲ್ಲೇ ತೋರಿಸಿದ್ದಾರೆ. ಕುದಿಸಿದಾಗ ನಾನು ಬ್ಯಾಕ್ಟೀರಿಯಾ ಜೊತೆಗೆ ಆ ಪ್ರೋಟೀನನ್ನೂ ಬೇಯಿಸಿಬಿಟ್ಟೆ. ಹೆಸರು, ಕಡಲೆ ಯಾವುದಕ್ಕೂ ಇಲ್ಲದ ಮರ್ಯಾದೆ ಇಡ್ಲಿಯಲ್ಲಿ ಉದ್ದಿಗೇ ಯಾಕೆ ಅನ್ನೋದು ನನಗೆ ಅರ್ಥವಾದದ್ದು ಇವತ್ತು.

ಆದರೂ ಅಮ್ಮನ ಬಾಟಲಿಯ ಪಿಎಚ್ ಇಳಿಯಲಿಲ್ಲವಲ್ಲ. ಅದು ಕೈಗುಣದ ವಿರುದ್ಧದ ಸಾಕ್ಷಿ. ಗುಟ್ಟಾಗಿ ಬರೆದಿಟ್ಟಿದ್ದೇನೆ.

ಜನವರಿ 11

ಕೈಯಲ್ಲಿ ಏನೂ ಇಲ್ಲವೇ ಹಾಗಾದರೆ? ಚೀನಾ ಗ್ರಾಸ್ ತಂದೆ. ಫಲೂದಾ ಅಂಗಡಿಯವರಿಗೆ ಗೊತ್ತಿರುವ ಸಾಮಾನು, ಅದೇ ಅಗರ್. ಲ್ಯಾಬಿಗೆ ಅದು ಬಂದದ್ದೂ ಅಡುಗೆಮನೆಯಿಂದಲೇ. 1881ರ ಸುಮಾರಿಗೆ ಜರ್ಮನಿಯಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕಾಕ್ ಅವರ ಲ್ಯಾಬಿನಲ್ಲಿದ್ದ ವಾಲ್ಟರ್ ಹೆಸ್ಸೆಗೆ, ಬ್ಯಾಕ್ಟೀರಿಯಾ ಬೆಳೆಸೋಕೆ ಬಳಸುತ್ತಿದ್ದ ಜಿಲೆಟಿನ್ ಶೆಕೆಗೆ ಕರಗಿ ಕರಗಿ ಸಾಕಾಗಿತ್ತು. ಹೆಂಡತಿ ಫ್ಯಾನಿ ತಾನು ಜೆಲ್ಲಿಗೆ ಬಳಸುವ ಅಗರ್ ಹಾಕಿ ನೋಡಿ ಅಂದಳು. ಅಗರ್ ಒಮ್ಮೆ ಗಟ್ಟಿಯಾದರೆ 85 ಡಿಗ್ರಿ ಹತ್ತಿರ ಬರುವವರೆಗೆ ಕರಗಲ್ಲ.

ಆಲೂಗಡ್ಡೆ ಬೇಯಿಸಿದ ನೀರು, ಚಿಟಿಕೆ ಸಕ್ಕರೆ, ಚೀನಾ ಗ್ರಾಸ್. ಸಣ್ಣ ಜಾಮ್ ಬಾಟಲಿಗಳಿಗೆ ಹಾಕಿ ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ. ಅಡ್ಡ ಮಲಗಿಸಿ ಗಟ್ಟಿ ಮಾಡಿದೆ. ಬೆರಳು ಒತ್ತಿ, ಮುಚ್ಚಳ ಹಾಕಿ, ಟೇಪ್ ಸುತ್ತಿದೆ. ಬೆಳೆದ ಮೇಲೆ ತೆಗೆಯೋ ಹಾಗಿಲ್ಲ. ಏನು ಬೆಳೆದಿದೆಯೋ ಯಾರಿಗೆ ಗೊತ್ತು.

ಎರಡು ದಿನಕ್ಕೆ ಚುಕ್ಕೆಗಳು. ಬಿಳಿ, ಹಳದಿ, ಕೆನೆ ಬಣ್ಣ. ಒಂದರಲ್ಲಿ ಕರಿ ಬೂಷ್ಟು. ಅಮ್ಮನ ಬೆರಳು 31 ಚುಕ್ಕೆ, ನನ್ನದು 44. ಸೋಪು ಹಾಕಿ ತೊಳೆದ ಮೇಲೆ 12 ಮತ್ತು 19. "ನೋಡಿದ್ಯಾ, ನನ್ ಕೈನೇ ಕ್ಲೀನು" ಅಂದರು ಅಮ್ಮ.

ಕೈಯಲ್ಲಿ ಬೇಕಾದಷ್ಟಿವೆ, ಆದರೆ ಅವು ಚರ್ಮದ ಮೇಲೆ ಬದುಕಿ ಅಭ್ಯಾಸವಾದವು. ಹಿಟ್ಟಿನಲ್ಲಿ ಬೇಳೆಯವು ಆಗಲೇ ಸಾಲುಗಟ್ಟಿ ಕೂತಿರುತ್ತವೆ. ಅವು ಬೇಗ ಹುಳಿ ಮಾಡಿ ಬೇರೆಯವರನ್ನು ಬೆಳೆಯಗೊಡಲ್ಲ. ಮದುವೆ ಊಟಕ್ಕೆ ತಡವಾಗಿ ಹೋದವರ ಪಾಡು.

ಟೇಪ್ ಬಿಚ್ಚದೆ ಬಾಟಲಿಗಳನ್ನು ಹಳೇ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ ಎಸೆದೆ. ಅಮ್ಮ ಆ ಕುಕ್ಕರನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದ್ದಾರೆ. ಈಗ ಅದು ನನ್ನದೇ.

ಜನವರಿ 18

ಈ ವಾರ ಥರ್ಮೋಕೋಲ್ ಡಬ್ಬಕ್ಕೆ 40 ವ್ಯಾಟಿನ ಬಲ್ಬು ಕೂರಿಸಿದೆ. ನೀರು ಬದಲಿಸಲು ರಾತ್ರಿ ಏಳೋದು ತಪ್ಪಿತು ಅಂದುಕೊಂಡೆ. ಬಲ್ಬು ಜಾಸ್ತಿಯಾಯಿತು. ಬೆಳಗ್ಗೆ ಒಳಗೆ 36 ಡಿಗ್ರಿ. ಹಿಟ್ಟು ಉಕ್ಕಿ, ಬಾಟಲಿ ದಾಟಿ, ಪಕ್ಕದಲ್ಲಿದ್ದ ಈ ನೋಟ್‌ಬುಕ್ಕಿನ ಡಿಸೆಂಬರ್ 9ರ ಪುಟ ತೋಯಿಸಿತ್ತು. ಅಂಕಿಗಳನ್ನು ಮತ್ತೆ ಬರೆದಿದ್ದೇನೆ. 15 ವ್ಯಾಟಿನ ಬಲ್ಬು ತರಬೇಕು.

ಅಮ್ಮ ಈಗಲೂ ಕೈ ಹಾಕಿಯೇ ಕಲಸುತ್ತಾರೆ. ಕಲಸಿ, ಪಾತ್ರೆಯನ್ನು ತಗೊಂಡು ಹೋಗಿ ಫ್ರಿಜ್ ಪಕ್ಕದಲ್ಲಿಟ್ಟು ಬರುತ್ತಾರೆ. ಯಾಕಮ್ಮಾ ಅಲ್ಲಿ ಅಂತ ಕೇಳಿದೆ. "ಮೊದಲಿಂದಾನೂ ಅಲ್ಲೇ ತಾನೇ ಇಡೋದು" ಅಂದರು.