ಕನ್ನಡ ಬೆರಳಚ್ಚು ತರಬೇತಿ ತಂತ್ರಾಂಶ: ಒತ್ತಕ್ಷರದ ಕಾಟ ಬಗೆಹರಿಯಿತು

ಕೊನೆಗೂ ಒತ್ತಕ್ಷರ ಸರಿಯಾಯಿತು! ನಾನು ಬರೆಯುತ್ತಿರುವ ಬೆರಳಚ್ಚು ತರಬೇತಿ ತಂತ್ರಾಂಶದಲ್ಲಿ ‘ಕನ್ನಡ’ ಎಂದು ಎಷ್ಟೇ ವೇಗವಾಗಿ ಹೊಡೆದರೂ ಪರದೆಯ ಮೇಲಿನ ಕೀಲಿಮಣೆಯಲ್ಲಿ ಆಯಾ ಕೀಲಿ ಒತ್ತಿದ ಕ್ಷಣಕ್ಕೇ ಬೆಳಗುತ್ತಿದೆ. ಗಡಿಯಾರ, ವೇಗದ ಲೆಕ್ಕ, ಪಾಠಗಳ ಪಟ್ಟಿ ಎಲ್ಲ ಹಿಂದೆಯೇ ಮುಗಿದಿದ್ದವು. ಇಷ್ಟು ದಿನ ನನ್ನ ನಿದ್ದೆ ಕೆಡಿಸಿದ್ದು ಇದೊಂದೇ.

ಅಕ್ಕನ ಮಗಳು ಕನ್ನಡ ಜೂನಿಯರ್ ಬೆರಳಚ್ಚು ಪರೀಕ್ಷೆಗೆ ಕಟ್ಟಿದ್ದಾಳೆ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ನಮ್ಮ ಮನೆಗೆ ಸಂಜೆ ಬಂದು ಇದರಲ್ಲೇ ಅಭ್ಯಾಸ ಮಾಡುತ್ತಾಳೆ. ಅವಳ ದೂರು ಒಂದೇ: “ಮಾಮ, ನಾನು ಎನ್ ಒತ್ತಿದಾಗ ಏನೂ ಬೆಳಗುವುದಿಲ್ಲ, ಎಫ್ ಒತ್ತಿದಾಗ ಎನ್ ಬೆಳಗುತ್ತದೆ.” ನಾವು ಬಳಸುವ ಕೆ.ಪಿ. ರಾವ್ ಕೀಲಿ ವಿನ್ಯಾಸದಲ್ಲಿ ಎನ್ ಎಂದರೆ ‘ನ’, ಎಫ್ ಎಂದರೆ ಒತ್ತಕ್ಷರಕ್ಕೆ ಬೇಕಾದ ಹಲಂತ. ಇಂಗ್ಲಿಷ್ ಪಾಠದಲ್ಲಿ ಈ ತೊಂದರೆ ಇಲ್ಲವೇ ಇಲ್ಲ.

ಕೀಲಿ ಒತ್ತಿದಾಗ ತಂತ್ರಾಂಶಕ್ಕೆ ಬರುವ ಸುದ್ದಿಗಳನ್ನು, ಅಂದರೆ ಘಟನೆಗಳನ್ನೆಲ್ಲ, ಕಡತಕ್ಕೆ ಬರೆಸಿ ನೋಡಿದೆ. ಇಂಗ್ಲಿಷ್‌ನಲ್ಲಿ ಒಂದೊಂದು ಕೀಲಿಗೂ ಕ್ಯೂಟಿಯ (ತಂತ್ರಾಂಶದ ಕಿಟಕಿಗಳನ್ನು ಕಟ್ಟಲು ಬಳಸಿದ ಸಲಕರಣೆ) ಕೀಪ್ರೆಸ್ ಘಟನೆ ಬರುತ್ತಿದೆ. ಕನ್ನಡಕ್ಕೆ ಬದಲಾಯಿಸಿದೊಡನೆ ಅದು ಮಾಯ. ಅದರ ಜಾಗದಲ್ಲಿ ಇನ್‌ಪುಟ್ ಮೆಥಡ್ ಘಟನೆ. ಲಿನಕ್ಸ್‌ನಲ್ಲಿ ಕೀಲಿಗಳನ್ನು ಕನ್ನಡ ಅಕ್ಷರವಾಗಿಸುವ ಐಬಸ್ ಎಂಬ ವ್ಯವಸ್ಥೆ ನಡುವೆ ನಿಂತು ಕೀಲಿಯನ್ನು ಮೊದಲು ತಾನು ತೆಗೆದುಕೊಳ್ಳುತ್ತದೆ. ಅದು ಬಳಸುವ ಎಂ17ಎನ್ ಸಂಗ್ರಹದ ಕನ್ನಡ ವಿನ್ಯಾಸವು ‘ನ’ವನ್ನು ಹಂಗಾಮಿ ಅಕ್ಷರವಾಗಿ ಹಿಡಿದಿಟ್ಟುಕೊಂಡು, ಮುಂದೆ ಗುಣಿತ ಬರುತ್ತದೋ ಒತ್ತು ಬರುತ್ತದೋ ಎಂದು ಕಾದು, ಆಮೇಲೆ ನನ್ನ ಕೈಗೆ ಕೊಡುತ್ತದೆ. ಪತ್ರ ಬರೆಯುವವರಿಗೆ ಇದು ಬಹಳ ಒಳ್ಳೆಯ ಏರ್ಪಾಡು. ಯಾವ ಬೆರಳು ಯಾವಾಗ ಎಲ್ಲಿ ಬಿತ್ತು ಎಂದು ತಿಳಿಯಬೇಕಾದ ತಂತ್ರಾಂಶಕ್ಕೆ ಮಾತ್ರ ಕಣ್ಣು ಕಟ್ಟಿದ ಹಾಗೆ.

ಬಂದ ಅಕ್ಷರದಿಂದ ಕೀಲಿಯನ್ನು ಹಿಂದಕ್ಕೆ ಊಹಿಸಲು ನೋಡಿದೆ. ‘ನ್ನ’ ಒಟ್ಟಿಗೆ ಬಂದರೆ ಮೂರು ಕೀಲಿಗಳ ನಡುವಿನ ಸಮಯ ಎಲ್ಲಿಂದ ತರುವುದು? ಕ್ಯೂಟಿಯ ಒಳಗಿನ ನೇಟಿವ್ ಘಟನೆಗಳನ್ನೇ ಸೋಸುವ ದಾರಿ ಲಿನಕ್ಸ್‌ನ ಹಳೆಯ ಪರದೆ ವ್ಯವಸ್ಥೆಯಾದ ಎಕ್ಸ್11ನಲ್ಲಿ ಚೆನ್ನಾಗಿಯೇ ನಡೆಯಿತು, ಹೊಸದಾದ ವೇಲ್ಯಾಂಡ್‌ಗೆ ಹೋದರೆ ಅದಕ್ಕೆ ಕೀಲಿಗಳೇ ಸಿಗಲಿಲ್ಲ. ಕೊನೆಗೆ, ಅಭ್ಯಾಸದ ಚೌಕದಲ್ಲಿ ಮಾತ್ರ ಇನ್‌ಪುಟ್ ಮೆಥಡ್ ಬಂದ್ ಮಾಡಿ, ಸ್ಕ್ಯಾನ್ ಕೋಡ್ (ಕೀಲಿಯ ಜಾಗವನ್ನು ಹೇಳುವ ಸಂಖ್ಯೆ) ಓದಿಕೊಂಡು ವಿನ್ಯಾಸವನ್ನು ನಾನೇ ನಡೆಸುವುದೆಂದು ತೀರ್ಮಾನಿಸಿದೆ. ಹೆಸರು ಬರೆಯುವ ಚೌಕದಲ್ಲಿ ಐಬಸ್ ಹಾಗೆಯೇ ಇದೆ.

ಸ್ಕ್ಯಾನ್ ಕೋಡ್‌ಗೆ ಭಾಷೆಯ ಹಂಗಿಲ್ಲ. ಕೆ ಇರುವ ಜಾಗ 37, ಎನ್ 49, ಎಫ್ 33, ಡಬ್ಲ್ಯೂ 17. ವಿಂಡೋಸ್‌ನಲ್ಲೂ ಇವೇ ಸಂಖ್ಯೆಗಳು. ಎಕ್ಸ್11ನಲ್ಲಿ 8 ಕೂಡಿಸಿ ಬರುತ್ತವೆ, ಕಳೆದರಾಯಿತು. ಕ್ಯಾಪ್ಸ್ ಲಾಕ್ ಉರಿಯುತ್ತಿದ್ದರೂ ಚಿಂತೆಯಿಲ್ಲ, ಶಿಫ್ಟ್ ಒಂದನ್ನೇ ಕೇಳುತ್ತೇನೆ.

ಇಲ್ಲಿ ಕೀಲಿಗಳ ಮೇಲೆ ಅಂಟಿಸುವ ಕನ್ನಡ ಅಕ್ಷರಗಳ ಸ್ಟಿಕ್ಕರ್ ಮಾರಿದವರ ವಿಷಯ ಹೇಳಲೇಬೇಕು. ಕೆ.ಪಿ. ರಾವ್ ವಿನ್ಯಾಸದ ಅಕ್ಷರಗಳೇ ಬೇಕೆಂದು ಬರೆದು ಕೇಳಿದ್ದೆ, ಬಂದದ್ದು ಭಾರತೀಯ ಭಾಷೆಗಳಿಗೆಂದು ಇರುವ ಬೇರೊಂದು ವಿನ್ಯಾಸ, ಇನ್‌ಸ್ಕ್ರಿಪ್ಟ್. ಫೋನ್ ಮಾಡಿದರೆ “ಎರಡೂ ಕನ್ನಡವೇ ಅಲ್ಲವೇ ಸರ್?” ಎಂಬ ಉತ್ತರ. ರಾವ್ ವಿನ್ಯಾಸದಲ್ಲಿ ‘ಕನ್ನಡ’ಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಇನ್‌ಸ್ಕ್ರಿಪ್ಟ್‌ನಲ್ಲಿ ಕೆ, ವಿ, ಡಿ, ವಿ, ಆಮೇಲೆ ಎಡ ಚೌಕಾವರಣ. ಪರೀಕ್ಷೆಗೆ ಓದುವ ಹುಡುಗಿಯ ಮುಂದೆ ಆ ಸ್ಟಿಕ್ಕರ್ ಇಟ್ಟರೆ ಕಲಿತದ್ದೂ ಮರೆತುಹೋಗುತ್ತದೆ. ಹಣ ಇನ್ನೂ ವಾಪಸ್ ಬಂದಿಲ್ಲ.

ಅದಕ್ಕೇ ಮುಂದಿನ ಕೆಲಸ ನಿಶ್ಚಯವಾಗಿದೆ: ಅಕ್ಷರ ಕೊರೆದ ಕೀಲಿಗಳ ಸ್ವಂತ ಕೀಲಿಮಣೆ. ಎಟಿಮೆಗಾ32ಯು4 ಚಿಪ್, ಅದರೊಳಗೆ ಓಡುವ ಕ್ಯೂಎಂಕೆ ತಂತ್ರಾಂಶ, ಪ್ರತಿ ಕೀಲಿಗೂ ಒಂದು ಡಯೋಡ್. ಊರಿನ ಅಂಗಡಿಯಲ್ಲಿ ದಪ್ಪ ಡಯೋಡ್ 1ಎನ್4007 ಕೇಳಿದರೆ ಹಿಡಿ ತುಂಬ ಕೊಡುತ್ತಾರೆ, ಕೀಲಿಮಣೆಗೆ ಬೇಕಾದ ಸಣ್ಣ ಡಯೋಡ್ 1ಎನ್4148 ಎಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಕಡೆಗೆ ಕೈ ತೋರಿಸುತ್ತಾರೆ. ಯುಎಸ್‌ಬಿ ಕೀಲಿಮಣೆ ಹೇಗಿದ್ದರೂ ಅಕ್ಷರ ಕಳಿಸುವುದಿಲ್ಲ, ಕೀಲಿಯ ಸಂಖ್ಯೆಯನ್ನಷ್ಟೇ ಕಳಿಸುತ್ತದೆ. ಹಾಗಾಗಿ ಯಾವ ಕೀಲಿಗೆ ಯಾವ ಅಕ್ಷರ ಎಂದು ಈಗ ಬರೆದ ಕೋಷ್ಟಕ ಅಲ್ಲಿಗೂ ಬರುತ್ತದೆ.

ಕೋಷ್ಟಕ ಬರೆಯಲು ಒಂದು ಸಂಜೆ ಸಾಕಾಯಿತು. ಆಮೇಲೆ ಕಾಡಿದ್ದು ಬ್ಯಾಕ್‌ಸ್ಪೇಸ್. ರಾವ್ ವಿನ್ಯಾಸದಲ್ಲಿ ಇ ಕೀಲಿ ಪದದ ಮೊದಲಿಗೆ ಬಂದರೆ ‘ಎ’, ವ್ಯಂಜನವಾದ ಮೇಲೆ ಬಂದರೆ ಎತ್ವ. ಹಾಗಾಗಿ ಪ್ರತಿ ಕೀಲಿಗೂ ಅದಕ್ಕೆ ಮೊದಲು ಏನಿದೆ ಎಂಬುದು ಬೇಕು. ‘ನ್ನ’ ಅಳಿಸುವಾಗ ಎಷ್ಟು ಅಳಿಯಬೇಕು? ಇಡೀ ಒತ್ತಕ್ಷರವೋ ಕೊನೆಯ ‘ನ’ ಮಾತ್ರವೋ? ಪಠ್ಯವನ್ನು ತುಂಡು ಮಾಡಿ ಸ್ಥಿತಿಯನ್ನು ಹಿಂದಕ್ಕೆ ಎಳೆಯಲು ಹೋದಷ್ಟೂ ಗಂಟು ಬಿಗಿಯಿತು.

ಬಿಡಿಸಿದ್ದು ಒಂದು ಸರಳ ತಿರುವು: ಪಠ್ಯವನ್ನು ಇಟ್ಟುಕೊಳ್ಳುವುದೇ ಬೇಡ. ಒತ್ತಿದ ಕೀಲಿಗಳ ಪಟ್ಟಿಯೇ ಮೂಲ. ಬ್ಯಾಕ್‌ಸ್ಪೇಸ್ ಬಂದರೆ ಪಟ್ಟಿಯ ಕೊನೆಯ ಕೀಲಿ ತೆಗೆದು, ಸಾಲನ್ನು ಮೊದಲಿನಿಂದ ಕಟ್ಟುವುದು. ಒಂದು ಸಾಲಿಗೆ ಎಷ್ಟು ಕೀಲಿಗಳು ಮಹಾ? ಕಂಪ್ಯೂಟರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಪಾಠದ ಸಾಲನ್ನೂ ಮೊದಲೇ ಕೀಲಿಗಳಾಗಿ ಬಿಡಿಸಿಡುವುದರಿಂದ ಹೋಲಿಕೆ ಕೀಲಿಗೆ ಕೀಲಿ ನಡೆಯುತ್ತದೆ. ‘ದಾವಣಗೆರೆ’ಗೆ ಎಂಟು ಕೀಲಿಗಳು, ದೀರ್ಘಕ್ಕೂ ಣಕಾರಕ್ಕೂ ಶಿಫ್ಟ್. ಎಲ್ಲಿ ಬೆರಳು ತಡವರಿಸಿತು ಎಂಬುದು ಈಗ ಸ್ಪಷ್ಟವಾಗಿ ಕಾಣುತ್ತದೆ. ಅಕ್ಕನ ಮಗಳಿಗೆ ಣಕಾರದ ಶಿಫ್ಟ್ ತಡವಾಗುತ್ತಿದೆ.

ಸಣ್ಣಪುಟ್ಟವೂ ಆದವು. ಕೀಲಿ ಒತ್ತಿಹಿಡಿದಾಗ ತಾನಾಗಿ ಮರುಕಳಿಸುವ ಘಟನೆಗಳನ್ನು ಬ್ಯಾಕ್‌ಸ್ಪೇಸ್‌ಗೆ ಮಾತ್ರ ಉಳಿಸಿಕೊಂಡಿದ್ದೇನೆ. ಆಲ್ಟ್ ಮತ್ತು ಟ್ಯಾಬ್ ಒತ್ತಿ ಬೇರೆ ಕಿಟಕಿಗೆ ಹೋದರೆ ಕೀಲಿ ಬಿಟ್ಟ ಸುದ್ದಿ ಬರುವುದಿಲ್ಲ, ದೀಪ ಉರಿಯುತ್ತಲೇ ಇರುತ್ತದೆ; ಫೋಕಸ್ ಹೋದೊಡನೆ ಎಲ್ಲ ದೀಪ ಆರಿಸುತ್ತೇನೆ. ಹಳೆಯ ಕಡತಗಳಿಂದ ತಂದ ಪಾಠಗಳಲ್ಲಿ ಓತ್ವ ಮೂರು ಬಿಡಿ ಸಂಕೇತಗಳಾಗಿ ಕುಳಿತಿರುತ್ತದೆ, ಓದುವಾಗಲೇ ಎನ್‌ಎಫ್‌ಸಿಗೆ, ಅಂದರೆ ಬಿಡಿ ಸಂಕೇತಗಳನ್ನು ಒಂದಾಗಿಸಿದ ಯುನಿಕೋಡ್ ರೂಪಕ್ಕೆ, ತರಬೇಕು.

ಉಳಿದಿರುವುದು ‘ರ‍್ಯಾಂಕ್’. ಅದರ ರಕಾರದ ಪಕ್ಕದಲ್ಲಿ ಕಣ್ಣಿಗೆ ಕಾಣದ ಜೋಡಕವೊಂದು ಇರುತ್ತದೆ, ನನ್ನ ಬಿಡಿಸುವ ಕೋಡ್ ಅದನ್ನು ಕಂಡೊಡನೆ ನಿಂತುಬಿಡುತ್ತದೆ. ನಾಳೆ ಅದಕ್ಕೆ ಕೈ ಹಾಕುತ್ತೇನೆ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಹಾಕಿಕೊಂಡು ಯಾರಾದರೂ ಇದನ್ನು ಓಡಿಸಿ ನೋಡಿದರೆ, ಸ್ಕ್ಯಾನ್ ಕೋಡ್‌ಗಳ ದಾಖಲೆಯನ್ನು ದಯವಿಟ್ಟು ಕಳಿಸಿ.