ಅಂಗಡಿ ಫೋನಿಗೆ ಬಂದ ಕಂತಿನ ಕರೆ

ದಾವಣಗೆರೆ ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಯೊಂದರಲ್ಲಿ 14 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ರೈತರ ಪಟ್ಟಿ (ಮಾಲು ಮಾರಿದ ಲೆಕ್ಕದ ಚೀಟಿ), ಹಮಾಲರ ಕೂಲಿ, ಅಂಗಡಿಯ ಫೋನು, ಮೂರೂ ನನ್ನ ಮೇಜಿನ ಮೇಲೇ. ಆ ಫೋನನ್ನು ಎತ್ತುವುದು ಹೇಗೆಂದು ಕಲಿತದ್ದು ಮಾತ್ರ ಹೋದ ಮೆಕ್ಕೆಜೋಳದ ಸೀಸನ್ನಿನಲ್ಲಿ, ಅದೂ ಒಬ್ಬರ ಮನಸ್ಸು ನೋಯಿಸಿದ ಮೇಲೆ.

ನಮ್ಮಲ್ಲಿ ಕಾಳು ಹಸನು ಮಾಡಲು ಬರುವ ಹೆಂಗಸರಲ್ಲಿ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅಕ್ಕ ಅಂತಲೇ ಕರೆಯೋದು. ಸಂಘದ ಸಾಲ, ಅಂದರೆ ಮೈಕ್ರೋಫೈನಾನ್ಸ್ ಕಂಪನಿಯವರು ಹೆಂಗಸರ ಗುಂಪಿಗೆ ಕೊಡುವ ಸಣ್ಣ ಸಾಲ, ತೆಗೆದಿದ್ದರು. ಗಂಡ ಜ್ವರ ಬಂದು ಮಲಗಿದ್ದರಿಂದ ಎರಡು ಕಂತು ತಪ್ಪಿತ್ತು. ಒಂದು ಮಧ್ಯಾಹ್ನ ಫೋನ್ ಬಂತು: "ಇವತ್ತು ಕಟ್ಟದಿದ್ರೆ ನಿಮ್ಮ ಅಂಗಡಿ ಮುಂದೇ ಬಂದು ಕೂರ್ತೀವಿ, ಹೇಳ್ರಿ ಅವ್ರಿಗೆ." ಹೊರಗೆ ತೂಕ ನಡೆದಿತ್ತು, ಪಟ್ಟಿಗಾಗಿ ರೈತರು ಕಾಯುತ್ತಿದ್ದರು. ನಾನು ಕೂತಲ್ಲಿಂದಲೇ ಕೂಗಿದೆ: "ಅಕ್ಕಾ, ನಿಮ್ ಸಂಘದೋರು ಫೋನ್ ಮಾಡ್ಯಾರೆ, ಕಂತು ಕಟ್ಬೇಕಂತೆ!"

ಹಮಾಲರು, ಲಾರಿ ಡ್ರೈವರು, ರೈತರು ಎಲ್ಲರೂ ಅತ್ತ ತಿರುಗಿದರು. ಅಕ್ಕನ ಕೈಯಲ್ಲಿದ್ದ ಜರಡಿ ಅಲ್ಲಾಡುವುದು ನಿಂತಿತು, ಕಾಳೆಲ್ಲ ಒಂದು ಕಡೆಗೆ ಜಾರಿತು. ಏನೂ ಮಾತಾಡಲಿಲ್ಲ. ಜರಡಿ ಕೆಳಗಿಟ್ಟು, ಸೆರಗಿಗೆ ಹತ್ತಿದ ಹೊಟ್ಟು ಕೊಡವಿಕೊಂಡು ಹೊರಟುಹೋದರು. ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ.

ಆ ನಾಲ್ಕು ದಿನವೂ ಫೋನ್ ಬರುತ್ತಲೇ ಇತ್ತು. ಅಕ್ಕನ ಕೂಲಿ ಹಿಡಿದು ನಮಗೇ ಕಳಿಸಿ ಅಂತ ಶುರು ಮಾಡಿದರು. ಕಿರಿಕಿರಿ ತಪ್ಪಲಿ ಅಂತ ಸಾಹುಕಾರರೂ "ಹಿಡಿದು ಕೊಟ್ಬಿಡು ಅತ್ಲಾಗೆ" ಅಂದರು. ನನಗೆ ಕೈ ಬರಲಿಲ್ಲ. ನಮ್ಮ ಅಂಗಡಿಗೆ ಜೋಳ ತರುವ ರೈತರೊಬ್ಬರ ಮಗ ವಕೀಲರು, ಅವರನ್ನು ಕೇಳಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಕೂಲಿಕಾರರ ಕೂಲಿಯನ್ನು ಸಾಲಕ್ಕಾಗಿ ಕೋರ್ಟೇ ಜಪ್ತಿ ಮಾಡುವಂತಿಲ್ಲವಂತೆ. ಹಾಗಿರುವಾಗ ಫೋನಿನಲ್ಲಿ ಯಾರೋ ಹೇಳಿದರೆಂದು ನಾವು ಹಿಡಿಯುವುದೆಲ್ಲಿಂದ ಬಂತು? ಸಾಹುಕಾರರೂ ಒಪ್ಪಿದರು.

ಸಂಜೆ ಅಕ್ಕನ ಮನೆಗೆ ಹೋದೆ. "ಸಾಲ ತಗಂಡೀನಿ, ಕಟ್ತೀನಪ್ಪ. ಎಲ್ರ ಮುಂದೆ ಯಾಕ್ ಕೂಗಿದ್ರಿ?" ಅಂದರು. ತಪ್ಪಾಯ್ತು ಅಕ್ಕ ಅಂದೆ. ಬೇರೆ ಮಾತು ಹೊರಡಲಿಲ್ಲ.

ಆಮೇಲೆ ಇಬ್ಬರೂ ಕೂತು ಅವರ ಸಾಲದ ಕಾರ್ಡ್ ಬಿಡಿಸಿ ಓದಿದೆವು. ದೂರು ಹೇಳಬೇಕಾದ ಅಧಿಕಾರಿಯ ವಿವರ ಅದರಲ್ಲೇ ಅಚ್ಚಾಗಿತ್ತು, ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕ್ ಹಾಕಿರುವ ನಿಯಮದಲ್ಲಿ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತಿದೆ. ಬೈಯುವುದು, ಬೆದರಿಸುವುದು, ಮೇಲಿಂದ ಮೇಲೆ ಕರೆ ಮಾಡುವುದು, ನೆಂಟರಿಗೆ, ಜೊತೆಗೆ ಕೆಲಸ ಮಾಡುವವರಿಗೆ ಕಾಟ ಕೊಡುವುದು ಎಲ್ಲಕ್ಕೂ ನಿಷೇಧ. ಅಕ್ಕನ ಮೊಬೈಲಿನಲ್ಲಿ ರಾತ್ರಿ 9ರ ಕರೆಗಳೂ ಇದ್ದವು.

ಮರುದಿನದಿಂದ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಕರೆ ಬಂದರೆ ನಾನೇ ಕೇಳುತ್ತಿದ್ದೆ: ನಿಮ್ಮ ಹೆಸರೇನು, ಯಾವ ಕಂಪನಿ, ಯಾವ ಶಾಖೆ, ನಿಮ್ಮನ್ನು ನೇಮಿಸಿದ ಪತ್ರ ಐತಾ? ಬರ್ಕೊಳ್ತೀನಿ ಹೇಳ್ರಿ. ಮೊದಲನೆಯವನು ಹೆಸರು ಕೇಳುತ್ತಲೇ ಫೋನ್ ಇಟ್ಟ. ಎರಡನೆಯವನ ದನಿ ಇಳಿಯಿತು. ಅಕ್ಕ ಕೆಲಸದಲ್ಲಿದ್ದಾರೋ ಇಲ್ಲವೋ, ಕೂಲಿ ಎಷ್ಟು, ಯಾವುದನ್ನೂ ನಾನು ಬಾಯಿ ಬಿಡಲಿಲ್ಲ. ಒಂದು ವಾರದ ದಿನಾಂಕ, ಹೊತ್ತು, ನಂಬರು, ಆಡಿದ ಮಾತು ಎಲ್ಲ ಸೇರಿಸಿ ಅಕ್ಕನ ಹೆಸರಿನಲ್ಲಿ ಕನ್ನಡದಲ್ಲೇ ದೂರು ಬರೆದೆವು. ಗಂಡನ ಆಸ್ಪತ್ರೆ ಚೀಟಿ ಲಗತ್ತಿಸಿ ಕಂತಿಗೆ ಸಮಯ ಕೇಳಿದೆವು. ಸ್ವೀಕೃತಿ ಬಿಡದೆ ತಗೊಂಡೆವು. ಕಂಪನಿ 30 ದಿನದಲ್ಲಿ ಉತ್ತರ ಕೊಡದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರು ಕೊಡಬಹುದು, ವಿಚಾರಿಸಲು 14448 ಫೋನ್ ನಂಬರ್ ಇದೆ. ನಮಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಶಾಖೆಯವರೇ ಕರೆಸಿ ಕಂತು ಮುಂದೆ ಹಾಕಿಕೊಟ್ಟರು. ಅಂಗಡಿಗೆ ಕರೆ ನಿಂತಿತು.

ಯಾರ್ಡಿನಲ್ಲಿ ಕೆಲವರು "2025ರ ಕಾನೂನು ಬಂದ್ಮೇಲೆ ಸಂಘದ ಸಾಲ ಕಟ್ಟೋದೇ ಬೇಡ" ಅಂತ ಅಕ್ಕನ ಕಿವಿ ಊದಿದ್ದರು. ಅದನ್ನು ನಂಬಬೇಡಿ. ಒತ್ತಾಯದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ರಾಜ್ಯದ ಆ ಕಾನೂನಿನಲ್ಲಿರೋದು ನಿಜ. ಸಾಲ ಮನ್ನಾ ಅಂದದ್ದು ನೋಂದಣಿ, ಪರವಾನಗಿ ಇಲ್ಲದೆ ಕೊಟ್ಟವರ ಸಾಲಕ್ಕೆ. ಅಕ್ಕನ ಕಂಪನಿ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ್ದು.

ಕಂತು ಕಟ್ಟುತ್ತಿದ್ದಾರೆ, ರಸೀದಿ ಇಲ್ಲದೆ ಒಂದು ರೂಪಾಯಿಯೂ ಕೊಡುವುದಿಲ್ಲ. ಮನೆಯಲ್ಲಿ ಇಲಿ ಕಾಟ ಅಂತ ರಸೀದಿಗಳನ್ನು ನನ್ನ ಡ್ರಾವರಿನಲ್ಲೇ ಇಡಲು ಕೊಟ್ಟಿದ್ದಾರೆ. ಕಟ್ಟಿ ಬಂದ ದಿನ ಜರಡಿ ಹಿಡಿಯುವ ಮೊದಲು ಮೇಜಿನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ "ಇದನ್ನೂ ಇಡಪ್ಪ" ಅನ್ನುತ್ತಾರೆ. ಇನ್ನು 11 ಕಂತು ಬಾಕಿ.