ಸೂಜಿಗೆ ಮುಂಚಿನ ಎರಡು ನಿಮಿಷ

ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಎಳೆ ಕೂಸುಗಳ ವಾರ್ಡಲ್ಲಿ ಸ್ಟಾಫ್ ನರ್ಸ್ ನಾನು. ಹೊಸದಾಗಿ ಡ್ಯೂಟಿಗೆ ಬರೋ ಹುಡುಗೀರಿಗೆ ಮೊದಲು ಹೇಳೋದು ಇಷ್ಟೇ, ಮಗು ಅಳೋಕೆ ಶುರು ಮಾಡಿದ್ಮೇಲೆ ಸಮಾಧಾನ ಮಾಡ್ತೀನಿ ಅಂತ ಕಾಯ್ಬೇಡಿ, ಸೂಜಿ ಕೈಗೆ ತಗೊಳ್ಳೋ ಮುಂಚೆನೇ ಶುರು ಮಾಡಿ.

ಹುಟ್ಟಿದ ಕೂಸಿಗೆ ಎಷ್ಟು ಚುಚ್ತೀವಿ ನೋಡಿ. ವಿಟಮಿನ್ ಕೆ, 24 ಗಂಟೆ ಒಳಗೆ ಹೆಪಟೈಟಿಸ್ ಬಿ, ಎಡಗೈಗೆ ಕ್ಷಯದ ಲಸಿಕೆ ಬಿಸಿಜಿ. ತಿಂಗಳು ತುಂಬದೆ ಹುಟ್ಟಿ ಎಸ್‌ಎನ್‌ಸಿಯು (ನವಜಾತ ಶಿಶುಗಳ ವಿಶೇಷ ಘಟಕ) ಸೇರಿದ್ರಂತೂ ಶುಗರ್ ನೋಡೋಕೆ ಹಿಮ್ಮಡಿಗೆ ಚುಚ್ಚೋದು, ಡ್ರಿಪ್ ಕೊಡೋ ಸಣ್ಣ ಕೊಳವೆ, ಕ್ಯಾನುಲಾ ಹಾಕೋದು, ಅದು ಊದ್ಕೊಂಡ್ರೆ ಕಿತ್ತು ಇನ್ನೊಂದು ಕೈಗೆ ಹಾಕೋದು, ಆಮೇಲೆ ಕಣ್ಣಿನ ಆರ್‌ಒಪಿ (ತಿಂಗಳು ತುಂಬದ ಕೂಸಿನ ಕಣ್ಣಿನ ಪರದೆಯ ತೊಂದರೆ) ಪರೀಕ್ಷೆ, ಮುಗಿಯೋದೇ ಇಲ್ಲ. ಎಳೆ ಮಕ್ಕಳಿಗೆ ನೋವು ಅಷ್ಟಾಗಿ ಗೊತ್ತಾಗಲ್ಲ ಅಂತ 1980ರ ದಶಕದವರೆಗೂ ಎಷ್ಟೋ ಡಾಕ್ಟರುಗಳೇ ನಂಬಿದ್ರು, ಸರಿಯಾದ ಅರಿವಳಿಕೆ ಇಲ್ದೆ ಆಪರೇಷನ್ನೇ ಮಾಡ್ತಿದ್ರು. 1987ರಲ್ಲಿ ಭಾರತ ಮೂಲದ ಡಾ. ಕೆ.ಜೆ.ಎಸ್. ಆನಂದ್ ಮತ್ತೆ ಅವರ ಜೊತೆಯವರು, ಆಪರೇಷನ್ ಟೈಮಲ್ಲಿ ಫೆಂಟಾನಿಲ್ ಅನ್ನೋ ನೋವಿನ ಔಷಧಿ ಕೊಟ್ಟ ಕೂಸುಗಳಿಗೆ ಸ್ಟ್ರೆಸ್ ಹಾರ್ಮೋನು ಅಷ್ಟು ಏರಲ್ಲ, ಆಮೇಲಿನ ತೊಂದರೆನೂ ಕಮ್ಮಿ ಅಂತ ತೋರಿಸಿದ್ಮೇಲೇ ಆ ನಂಬಿಕೆ ಅಲ್ಲಾಡಿದ್ದು.

ಅಳಲಿಲ್ಲ ಅಂದ್ರೆ ನೋವಾಗಿಲ್ಲ ಅಂದ್ಕೋಬೇಡಿ. ಕೇಜಿ ತೂಕದ ಕೂಸಿಗೆ ಅಳೋಕೂ ಶಕ್ತಿ ಇರಲ್ಲ. ಹುಬ್ಬು ಗಂಟಾಗುತ್ತೆ, ಕಣ್ಣು ಬಿಗಿಯಾಗಿ ಮುಚ್ಕೊಳ್ಳುತ್ತೆ, ಬೆರಳು ಅಗಲಿಸುತ್ತೆ, ಮಾನಿಟರಲ್ಲಿ ಎದೆಬಡಿತ ಏರಿ ಆಕ್ಸಿಜನ್ ಇಳಿಯುತ್ತೆ. ನೋಡೋಕೆ ಗೊತ್ತಿದ್ದವರಿಗೆ ಅದೇ ಅಳು.

ಇನ್ನು ಏನು ಮಾಡ್ಬೇಕು ಅಂದ್ರೆ, ತಾಯಿ ಹತ್ರ ಇದ್ದು ಮಗು ಹಾಲು ಕುಡಿಯೋ ಹಾಗಿದ್ರೆ ಅದಕ್ಕಿಂತ ಒಳ್ಳೇದು ಯಾವುದೂ ಇಲ್ಲ. ಮೊದಲು ಮೊಲೆ ಹಿಡಿಸಿ, ಚೆನ್ನಾಗಿ ಚೀಪೋಕೆ ಶುರು ಮಾಡಿದ್ಮೇಲೆ ಚುಚ್ಚಿ, ಮುಗಿದ ಮೇಲೂ ಬಿಡಿಸ್ಬೇಡಿ. ತೀರ್ಥಹಳ್ಳಿ ಹೊಸನಗರ ಕಡೆಯಿಂದ ಬಂದ ಎಷ್ಟೋ ತಾಯಂದಿರು "ಸಿಸ್ಟರ್, ನಂಗೆ ನೋಡೋಕಾಗಲ್ಲ, ನಾನು ಹೊರಗಿರ್ತೀನಿ" ಅಂತಾರೆ, ಜೊತೇಲಿರೋ ಅಜ್ಜಿಗೆ ಹಾಲು ನೆತ್ತಿಗೆ ಹತ್ತುತ್ತೇನೋ ಅಂತ ಭಯ. ಅವರಿಗೆ ನಾನು ಹೇಳೋದು, "ನೀನು ಸೂಜಿ ನೋಡ್ಬೇಡಮ್ಮ, ಮಗು ಮುಖ ನೋಡ್ತಾ ಕೂತ್ಕೋ ಸಾಕು. ಅಜ್ಜಿ, ಏನೂ ಆಗಲ್ಲ, ನಾನಿಲ್ಲೇ ಇದೀನಲ್ಲ." ಹಾಲು ಕುಡಿಯೋಕಾಗದ ಕೂಸಾದ್ರೆ ಬಟ್ಟೆ ಬಿಚ್ಚಿ ಅಮ್ಮನ ಎದೆ ಮೇಲೆ ಮಲಗಿಸಿ ಮೇಲೊಂದು ಹೊದಿಕೆ ಹೊದಿಸ್ತೀವಿ, ಕಾಂಗರೂ ಕೇರ್ ಅಂತೀವಲ್ಲ ಅದೇ, ನಮ್ಮೂರ ಮಳೆಗಾಲದ ಥಂಡಿಗೆ ಅದರಿಂದ ಮೈ ಬೆಚ್ಚಗೂ ಇರುತ್ತೆ.

ತಾಯಿ ಇನ್ನೂ ಆಪರೇಷನ್ ವಾರ್ಡಲ್ಲೇ ಇದ್ರೆ ಡಾಕ್ಟರನ್ನ ಕೇಳಿ 24% ಸುಕ್ರೋಸ್ ಅಥವಾ 25% ಡೆಕ್ಸ್‌ಟ್ರೋಸ್ ಅನ್ನೋ ಸಿಹಿ ದ್ರಾವಣ ಕೆಲವೇ ಹನಿ ನಾಲಿಗೆ ಮುಂಭಾಗಕ್ಕೆ ಹಾಕಿ ಎರಡು ನಿಮಿಷ ಕಾಯ್ಬೇಕು. ಆ ಎರಡು ನಿಮಿಷ ಬಿಟ್ರೆ ಹನಿ ಹಾಕಿ ಪ್ರಯೋಜನ ಇಲ್ಲ, ಟ್ಯೂಬಲ್ಲಿ ನೇರ ಹೊಟ್ಟೆಗೆ ಬಿಟ್ರೂ ಕೆಲಸ ಮಾಡಲ್ಲ, ಯಾಕಂದ್ರೆ ನೋವು ತಗ್ಗಿಸೋದು ಆ ಸಿಹಿ ರುಚಿ. ಜೊತೆಗೆ ಇನ್ನೊಬ್ಬರು ಒಂದು ಅಂಗೈ ತಲೆ ಮೇಲೆ, ಇನ್ನೊಂದರಲ್ಲಿ ಮಡಿಚಿದ ಕಾಲು ಹಿಡ್ಕೊಂಡು ಅಲುಗಾಡಿಸದೆ ಇರ್ಬೇಕು. ತಟ್ಟೋದು ಸವರೋದು ತುಂಬ ಸಣ್ಣ ಕೂಸಿಗೆ ಇನ್ನೂ ಕಿರಿಕಿರಿ, ಸುಮ್ನೆ ಹಿಡ್ಕೊಂಡ್ರೆ ಸಾಕು.

ಹಿಮ್ಮಡಿಲಿ ಪಕ್ಕದಲ್ಲೇ ಚುಚ್ಚಿ, ನಡುವೆ ಬೇಡ, ಅಲ್ಲಿ ಮೂಳೆ ಹತ್ತಿರ ಇರುತ್ತೆ. ಚುಚ್ಚೋದಕ್ಕಿಂತ ರಕ್ತಕ್ಕೋಸ್ಕರ ಹಿಂಡೋದೇ ಜಾಸ್ತಿ ನೋವು. ತಿಂಗಳು ತುಂಬಿದ ಮಗೂಗೆ ರಕ್ತ ಜಾಸ್ತಿ ಬೇಕಿದ್ರೆ, ಕೈ ಪಳಗಿದವರು ರಕ್ತನಾಳದಿಂದ ತೆಗೆಯೋದೇ ಮೇಲು.

ಸಿಹಿ ಹನಿ ಅಂದಾಕ್ಷಣ ಮನೇಲಿ ಜೇನುತುಪ್ಪ ನೆಕ್ಕಿಸೋಕೆ ಹೋಗ್ಬೇಡಿ ದಯವಿಟ್ಟು. ಒಂದು ವರ್ಷದೊಳಗಿನ ಮಗೂಗೆ ಜೇನು ಬೇಡವೇ ಬೇಡ, ಬೊಟುಲಿಸಂ ಅಂತ ಜೀವಕ್ಕೇ ಅಪಾಯದ ಕಾಯಿಲೆ ಬರಬಹುದು. ಸಕ್ಕರೆ ನೀರೂ ಬೇಡ, ನಾವು ಕೊಡೋದು ಅಳತೆ ಮಾಡಿದ ಹನಿ, ಅದೂ ಆಸ್ಪತ್ರೇಲಿ ಮಾತ್ರ.

ಆರನೇ ವಾರದ ಲಸಿಕೆಗೆ ಪಿಎಚ್‌ಸಿಗೆ ಹೋಗ್ತೀರಲ್ಲ, ಅಲ್ಲಿ ಬಾಯಿ ಹನಿ ಮೊದಲು ಹಾಕಿ, ಇಂಜೆಕ್ಷನ್ ಮಗು ಹಾಲು ಕುಡೀತಿರೋವಾಗ ಕೊಡಿ ಅಂತ ಸಿಸ್ಟರನ್ನ ಕೇಳಿ. ಹಾಲುಣಿಸ್ತಾ ಲಸಿಕೆ ಹಾಕ್ಸೋದನ್ನ ಡಬ್ಲ್ಯುಎಚ್‌ಒ 2015ರಲ್ಲೇ ಹೇಳಿದೆ, ಹಾಗಾಗಿ ಕೇಳೋಕೆ ಸಂಕೋಚ ಬೇಡ.